ಭೋಜಕಟದ ಮದುವೆಯಲ್ಲಿ ರುಕ್ಮಿಣಿ ಏನಂದಳು?

ಹೋದ ಸಲ ಗ್ರೀಕ್ ಪುರಾಣದ ಆಲ್ತೀಯಾ ಕಥೆ ಹೇಳಿದ್ದೆ. ಆ ವಿಡಿಯೋ ನೋಡದವರಿಗೆ ಮೊದಲು ಅದನ್ನ ಚಿಕ್ಕದಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತಿನ ಮಾತು ಹುಟ್ಟಿದ್ದೇ ಅಲ್ಲಿಂದ.

ಆಲ್ತೀಯಾ ಕ್ಯಾಲಿಡಾನ್ ಎಂಬ ಊರಿನ ರಾಣಿ. ಅವಳ ಮಗ ಮೆಲಿಯೇಗರ್ ಹುಟ್ಟಿದಾಗ ವಿಧಿದೇವತೆಯರು ಬಂದು, ಒಲೆಯಲ್ಲಿ ಉರಿಯುತ್ತಿರುವ ಈ ಕೊಳ್ಳಿ ಇರುವತನಕ ಮಾತ್ರ ಇವನ ಆಯುಷ್ಯ ಅಂತ ಹೇಳಿ ಹೋಗ್ತಾರೆ. ತಾಯಿ ಕೊಳ್ಳಿ ಆರಿಸಿ ಬಚ್ಚಿಡ್ತಾಳೆ. ಮಗ ದೊಡ್ಡವನಾಗಿ ಒಂದು ಕಾಡುಹಂದಿ ಬೇಟೆಯಲ್ಲಿ ಗೆಲ್ತಾನೆ. ಆ ಹಂದಿಯ ಚರ್ಮ ಯಾರಿಗೆ ಸೇರಬೇಕು ಅನ್ನೋ ಜಗಳದಲ್ಲಿ ಸೋದರಮಾವಂದಿರನ್ನೇ ಕೊಂದುಬಿಡ್ತಾನೆ. ಸತ್ತವರು ಆಲ್ತೀಯಾಳ ಒಡಹುಟ್ಟಿದವರು, ಕೊಂದವನು ಅವಳ ಹೊಟ್ಟೆಯಲ್ಲಿ ಹುಟ್ಟಿದವನು. ಅವಳು ಬಚ್ಚಿಟ್ಟ ಕೊಳ್ಳಿಯನ್ನ ಬೆಂಕಿಗೆ ಹಾಕ್ತಾಳೆ, ಆಮೇಲೆ ತಾನೂ ಸಾಯ್ತಾಳೆ. ರೋಮನ್ ಕವಿ ಓವಿಡ್ ತನ್ನ 'ಮೆಟಾಮಾರ್ಫೋಸಿಸ್' ಕಾವ್ಯದ ಎಂಟನೇ ಭಾಗದಲ್ಲಿ ಅವಳಿಗೆ ಉದ್ದನೆಯ ಮಾತು ಕೊಟ್ಟಿದ್ದಾನೆ. ತಂಗಿಯಾಗಿ ನಿಲ್ಲಲಾ, ತಾಯಿಯಾಗಿ ನಿಲ್ಲಲಾ ಅಂತ ಒದ್ದಾಡುವ ಮಾತು ಅದು.

ಈಗ ನಮ್ಮ ಅವ್ವ ನನ್ನ ಜೊತೆ ಭೋಸರಿಯಲ್ಲೇ ಇದ್ದಾಳೆ. ನನ್ನ ವಿಡಿಯೋಗಳನ್ನ ತಪ್ಪದೆ ನೋಡುವವಳು ಅವಳೊಬ್ಬಳೇ ಇರಬೇಕು. ಇದನ್ನ ನೋಡಿ ಮುಗಿಸಿ, ಕನ್ನಡಕ ತೆಗೆದು ಕೇಳಿದಳು: "ಅವರದಿರಲಿ ತಮ್ಮಾ. ನಮ್ಮ ರುಕ್ಮಿಣಿ ಅಣ್ಣನ್ನ ಕೊಂದಾಗ ಆಕಿ ಏನಂದ್ಳು?"

ನನಗೆ ಉತ್ತರ ಗೊತ್ತಿರಲಿಲ್ಲ. ರುಕ್ಮಿಣಿಯ ಅಣ್ಣನನ್ನ ಕೊಂದರು ಅನ್ನೋದೇ ನನಗೆ ಮಸುಕಾಗಿತ್ತು. ನಮಗೆಲ್ಲ ಗೊತ್ತಿರೋದು ಕೃಷ್ಣ ರಥದಲ್ಲಿ ಅವಳನ್ನ ಕರೆದುಕೊಂಡು ಹೋಗುವತನಕದ ಕಥೆ. ಯಕ್ಷಗಾನ, ಸಿನಿಮಾ, ಕ್ಯಾಲೆಂಡರ್ ಚಿತ್ರ ಎಲ್ಲವೂ ಅಲ್ಲಿಗೇ ಮುಗಿಯುತ್ತವೆ. ಮುಂದಿನದಕ್ಕೆ ಭಾಗವತದ ದಶಮ ಸ್ಕಂಧ ತೆಗೆದು ಕೂತೆ.

ಕಥೆ ಹೀಗಿದೆ. ವಿದರ್ಭದ ರಾಜ ಭೀಷ್ಮಕನಿಗೆ ಐದು ಗಂಡುಮಕ್ಕಳು, ಒಬ್ಬಳೇ ಮಗಳು. ದೊಡ್ಡವನು ರುಕ್ಮಿ. ತಂಗಿಯನ್ನ ಶಿಶುಪಾಲನಿಗೆ ಕೊಡಬೇಕು ಅಂತ ಹಟ ಹಿಡಿದವನು ಅವನೇ. ಕೃಷ್ಣ ಅವಳನ್ನ ಕರೆದೊಯ್ದಾಗ ಬೆನ್ನಟ್ಟಿ ಹೋಗಿ ಸೋಲ್ತಾನೆ. ಕೃಷ್ಣ ಕೊಲ್ಲೋಕೆ ಹೊರಟಾಗ ರುಕ್ಮಿಣಿ ಕಾಲಿಗೆ ಬಿದ್ದು ಅಣ್ಣನ ಜೀವ ಉಳಿಸ್ತಾಳೆ. ಕೃಷ್ಣ ಅವನ ತಲೆ, ಮೀಸೆಯನ್ನ ಅಲ್ಲಲ್ಲಿ ಬೋಳಿಸಿ ಅವಮಾನ ಮಾಡ್ತಾನೆ. ಆಗ ಬಲರಾಮ ಬಂದು ತಮ್ಮನಿಗೆ ಬೈತಾನೆ: ನೆಂಟನಿಗೆ ಹೀಗೆ ಮಾಡೋದು ಅವನನ್ನ ಕೊಂದ ಹಾಗೇ ಅಂತ. ರುಕ್ಮಿಣಿಗೆ ಸಮಾಧಾನ ಹೇಳುವವನೂ ಬಲರಾಮನೇ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೃಷ್ಣನನ್ನ ಕೊಲ್ಲದೆ ಕುಂಡಿನಪುರಕ್ಕೆ ಕಾಲಿಡಲ್ಲ ಅಂತ ರುಕ್ಮಿ ಆಣೆ ಮಾಡಿದ್ದ. ಹಾಗಾಗಿ ಊರಿಗೆ ಮರಳದೆ ಭೋಜಕಟ ಅನ್ನೋ ಹೊಸ ಪಟ್ಟಣ ಕಟ್ಟಿಕೊಂಡು ಅಲ್ಲೇ ಉಳಿತಾನೆ. ಭೋಸರಿಯ ಹಳಬರು ಈ ಊರಿಗೆ ಹಿಂದೆ ಭೋಜಪುರ ಅಂತ ಹೆಸರಿತ್ತು ಅಂತಾರೆ. ಅದನ್ನ ಕೇಳಿ, ನಾವಿರೋದು ರುಕ್ಮಿಯ ಊರಲ್ಲೇ ಇರಬಹುದಾ ಅಂತ ನಾನೂ ಒಂದು ದಿನ ಖುಷಿಪಟ್ಟೆ. ಅಲ್ಲ. ಭೋಜಕಟ ವಿದರ್ಭದ್ದು. ಅಮರಾವತಿ ಜಿಲ್ಲೆಯ ಚಮ್ಮಕ್‌ನಲ್ಲಿ ಸಿಕ್ಕ ವಾಕಾಟಕರ ತಾಮ್ರಪಟ ಆ ಹಳ್ಳಿಯೇ ಭೋಜಕಟ ರಾಜ್ಯದಲ್ಲಿದೆ ಅಂತ ಹೇಳುತ್ತೆ. ಪಟ್ಟಣ ಇದ್ದದ್ದು ಅಮರಾವತಿ ಹತ್ತಿರದ ಭಾತಕುಲಿಯಲ್ಲಿ ಅನ್ನೋದು ಅನೇಕ ವಿದ್ವಾಂಸರ ಅಭಿಪ್ರಾಯ. ಅಂದ್ರೆ ಕಥೆಯ ಊರಿಗೆ ಇತಿಹಾಸದಲ್ಲೂ ವಿಳಾಸ ಇದೆ, ಆದರೆ ಅದು ನಮ್ಮ ಎಂಐಡಿಸಿ ಗೇಟಿನ ಹತ್ತಿರ ಇಲ್ಲ.

ಕೃಷ್ಣನ ಮೇಲಿನ ಹಗೆ ಬಿಡದ ಈ ರುಕ್ಮಿ ಮುಂದೆ ಏನು ಮಾಡ್ತಾನೆ ನೋಡಿ. ಅವನ ಮಗಳು ರುಕ್ಮವತಿ ಸ್ವಯಂವರದಲ್ಲಿ ಪ್ರದ್ಯುಮ್ನನನ್ನ ಆರಿಸಿಕೊಳ್ತಾಳೆ. ಪ್ರದ್ಯುಮ್ನ ಕೃಷ್ಣ-ರುಕ್ಮಿಣಿಯರ ಮಗ, ಅಂದ್ರೆ ಅವಳ ಸೋದರತ್ತೆಯ ಮಗ. ರುಕ್ಮಿ ಒಪ್ಪಿಕೊಳ್ತಾನೆ. ಕಥೆ ಕೇಳುತ್ತಿದ್ದ ಪರೀಕ್ಷಿತ ರಾಜನಿಗೂ ಇಲ್ಲೇ ಗೊಂದಲ ಆಗುತ್ತೆ: ಶತ್ರುವಿನ ಮಗನಿಗೆ ಮಗಳನ್ನ ಹೇಗೆ ಕೊಟ್ಟ? ಶುಕಮುನಿ ಕೊಡುವ ಉತ್ತರ ಬಹಳ ಸರಳ. ಹಗೆ ನೆನಪಿತ್ತು, ಆದರೂ ತಂಗಿಯ ಮನಸ್ಸಿಗೆ ಹಿತ ಆಗಲಿ ಅಂತ ಕೊಟ್ಟ.

ಪ್ರದ್ಯುಮ್ನ-ರುಕ್ಮವತಿಯರ ಮಗ ಅನಿರುದ್ಧ. ಅನಿರುದ್ಧ ಅಂದ ಕೂಡಲೇ ನಮಗೆ ನೆನಪಾಗೋದು ಬಾಣಾಸುರನ ಮಗಳು ಉಷೆ. ಆದರೆ ಅದಕ್ಕೂ ಮುಂಚೆ ಅವನಿಗೆ ಇನ್ನೊಂದು ಮದುವೆ ಆಗಿರುತ್ತೆ. ಹುಡುಗಿ ರೋಚನಾ, ರುಕ್ಮಿಯ ಮೊಮ್ಮಗಳು, ಅನಿರುದ್ಧನಿಗೆ ಸೋದರಮಾವನ ಮಗಳು. ಈ ಸಂಬಂಧ ಧರ್ಮಕ್ಕೆ ಸರಿಯಲ್ಲ ಅಂತ ಗೊತ್ತಿದ್ದೂ, ಪ್ರೀತಿಯ ಕಟ್ಟಿಗೆ ಸಿಕ್ಕಿ ರುಕ್ಮಿ ಒಪ್ಪಿದ ಅಂತ ಭಾಗವತ ಹೇಳುತ್ತೆ.

ಇಲ್ಲಿ ಒಂದು ನಿಮಿಷ. ಸಂಕೇಶ್ವರದಿಂದ ಸಿಂಧನೂರಿನ ತನಕ ಯಾರ ಮನೆಯಲ್ಲಾದರೂ ಕೇಳಿ, ಸೋದರಮಾವನ ಮಗಳು ಅಂದ್ರೆ ಹಕ್ಕಿನ ಹೆಣ್ಣು. ಕನ್ನಡದಲ್ಲಿ ತಾಯಿಯ ತಮ್ಮನೂ 'ಮಾವ', ಹೆಂಡತಿಯ ಅಪ್ಪನೂ 'ಮಾವ'. ಅಪ್ಪನ ತಂಗಿಯೂ 'ಅತ್ತೆ', ಗಂಡನ ತಾಯಿಯೂ 'ಅತ್ತೆ'. ಭಾಷೆಯೇ ಮದುವೆ ಮಾತು ಮುಗಿಸಿಟ್ಟಿದೆ. ಬೌಧಾಯನ ಧರ್ಮಸೂತ್ರ ಇದನ್ನ ದಕ್ಷಿಣದವರ ರೂಢಿಗಳ ಪಟ್ಟಿಯಲ್ಲಿ ಸೇರಿಸಿದೆ. 1955ರ ಹಿಂದೂ ವಿವಾಹ ಕಾಯ್ದೆ ಅಣ್ಣ-ತಂಗಿಯ ಮಕ್ಕಳ ನಡುವಿನ ಮದುವೆಯನ್ನ ನಿಷೇಧಿಸಿ, ರೂಢಿ ಇದ್ದವರಿಗೆ ವಿನಾಯಿತಿ ಕೊಟ್ಟಿದೆ. ಭಾಗವತ ತಪ್ಪು ಅಂದದ್ದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಕೊಂಡು ಬಂದದ್ದು.

ಇದರ ಲೆಕ್ಕ ಏನು? ನಾನು ಕೋಡ್ ಬರೆಯುವವನು, ನನಗೆ ಚಿತ್ರ ಬರೆದ್ರೇ ತಲೆಗೆ ಹೋಗೋದು. ಬಿಳಿ ಬೋರ್ಡ್ ಮೇಲೆ ಈ ವಂಶವನ್ನ ಬರೆದೆ. ವಂಶವೃಕ್ಷ ಅಂತೀವಲ್ಲ, ಇದು ವೃಕ್ಷ ಆಗಲೇ ಇಲ್ಲ. ಕೊಂಬೆಗಳು ತಿರುಗಿ ತಿರುಗಿ ಅದೇ ಬುಡಕ್ಕೆ ಬಂದು ಸೇರಿದವು. ರುಕ್ಮಿಣಿ ಆ ಮನೆಯಿಂದ ಬಂದಳು. ಅವಳ ಸೊಸೆ ರುಕ್ಮವತಿ ಅವಳಣ್ಣನ ಮಗಳು. ರುಕ್ಮವತಿಯ ಸೊಸೆ ರೋಚನಾ ಅವಳ ಒಡಹುಟ್ಟಿದವನ ಮಗಳು. ಮೂರು ತಲೆಮಾರು ಒಂದೇ ತವರು. ಗಂಡಸರು ಮಾತಾಡದ ಎರಡು ಮನೆಗಳ ನಡುವೆ ಮೂರು ಸಲ ಬಾಗಿಲು ತೆರೆದದ್ದು ಹೆಣ್ಣುಮಕ್ಕಳ ಮದುವೆಯಿಂದ. ಆಲ್ತೀಯಾಳಿಗೆ ಇಂಥ ಎರಡನೇ ಗಂಟು ಇರಲಿಲ್ಲ. ಒಂದೇ ಎಳೆ ಇತ್ತು, ಹರಿಯಿತು.

ಆದರೆ ಗಂಟು ಹಾಕಿದ ಮಾತ್ರಕ್ಕೆ ಹಗೆ ಹೋಗಲಿಲ್ಲ. ರೋಚನಾಳ ಮದುವೆಗೆ ರುಕ್ಮಿಣಿ, ಕೃಷ್ಣ, ಬಲರಾಮ, ಸಾಂಬ, ಪ್ರದ್ಯುಮ್ನ ಎಲ್ಲರೂ ಭೋಜಕಟಕ್ಕೆ ಬರ್ತಾರೆ. ಧಾರೆ ಮುಗಿದ ಮೇಲೆ ಕಳಿಂಗದ ರಾಜ ರುಕ್ಮಿಯ ಕಿವಿ ಊದ್ತಾನೆ: ಬಲರಾಮನಿಗೆ ಪಗಡೆ ಬರಲ್ಲ, ಆದರೆ ಹುಚ್ಚು ಜಾಸ್ತಿ, ಕರಿ ಅವನನ್ನ. ಪಣ ನೂರು, ಸಾವಿರ, ಹತ್ತು ಸಾವಿರ ಅಂತ ಏರುತ್ತೆ, ಬಲರಾಮ ಸೋಲ್ತಾನೆ. ಕಳಿಂಗದ ರಾಜ ಹಲ್ಲು ಕಿರಿದು ನಗ್ತಾನೆ. ಆಮೇಲೆ ಬಲರಾಮ ಗೆಲ್ತಾನೆ, ರುಕ್ಮಿ ಮೋಸದಿಂದ ನಾನೇ ಗೆದ್ದೆ ಅಂತಾನೆ. ದನ ಕಾಯೋರಿಗೆ ಪಗಡೆ ಏನು ಗೊತ್ತು ಅಂತ ಹಂಗಿಸ್ತಾನೆ. ಬಲರಾಮ ಕಬ್ಬಿಣದ ಗದೆ ಎತ್ತಿ ಮದುವೆ ಮನೆಯಲ್ಲೇ ರುಕ್ಮಿಯನ್ನ ಕೊಲ್ತಾನೆ. ನೆಂಟನ ಕೂದಲು ಬೋಳಿಸಿದ್ದೇ ತಪ್ಪು ಅಂದವನು, ರುಕ್ಮಿಣಿಗೆ ಸಮಾಧಾನ ಹೇಳಿದವನು, ಅವನೇ.

ಕೃಷ್ಣ ಏನಂದ? ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಸರಿ ಅಂದ್ರೆ ಹೆಂಡತಿಗೆ ನೋವು, ತಪ್ಪು ಅಂದ್ರೆ ಅಣ್ಣನಿಗೆ ನೋವು. ಸ್ನೇಹ ಮುರಿದೀತು ಅಂತ ಸುಮ್ಮನಾದ. ಭಾಗವತ ಕೃಷ್ಣನ ಮೌನಕ್ಕೆ ಕಾರಣ ಕೊಡುತ್ತೆ. ರುಕ್ಮಿಣಿಯ ಬಾಯಲ್ಲಿ ಆ ಅಧ್ಯಾಯದಲ್ಲಿ ಒಂದು ಮಾತೂ ಇಲ್ಲ. ಮದುಮಗ-ಮದುಮಗಳನ್ನ ರಥಕ್ಕೆ ಹತ್ತಿಸಿಕೊಂಡು ದ್ವಾರಕೆಗೆ ಹೊರಟರು, ಅಷ್ಟೇ. ಅಜ್ಜನ ಹೆಣ ಅಂಗಳದಲ್ಲಿರುವಾಗ ರಥ ಹತ್ತಿದ ರೋಚನಾಳಿಗೂ ಮಾತಿಲ್ಲ.

ಅವ್ವನಿಗೆ ಇದನ್ನ ಹೇಳಿದೆ. "ಏನೂ ಅಂದಿಲ್ಲ ಅಂತ ಬರದಾರ. ಅಂದಿಲ್ಲ ಅಂತಲ್ಲ," ಅಂದಳು.

ಅವಳ ಮಾತನ್ನ ಪರೀಕ್ಷೆ ಮಾಡೋಕೆ ಒಂದು ದಾರಿ ಇದೆ: ಹೆಣ್ಣಿನ ಕೈಗೇ ಬರಹ ಸಿಕ್ಕಾಗ ಅವಳು ಏನು ಬರೆಸಿದಳು ಅಂತ ನೋಡೋದು. ಅದಕ್ಕೆ ಭೋಜಕಟ ಬಿಟ್ಟು ಹೋಗಬೇಕಾಗಿಲ್ಲ. ಕಥೆಯ ಊರಿದ್ದ ಅದೇ ವಿದರ್ಭವನ್ನ ಆಳಿದ ವಾಕಾಟಕರ ಮನೆಗೆ, ಗುಪ್ತ ಚಕ್ರವರ್ತಿ ಎರಡನೇ ಚಂದ್ರಗುಪ್ತನ ಮಗಳು ಪ್ರಭಾವತಿಗುಪ್ತ ಸೊಸೆಯಾಗಿ ಬರ್ತಾಳೆ. ಗಂಡ ಎರಡನೇ ರುದ್ರಸೇನ ಬೇಗ ತೀರಿಕೊಳ್ತಾನೆ. ಮಗ ದಿವಾಕರಸೇನ ಚಿಕ್ಕವನು. ರಾಜ್ಯ ನಡೆಸುವ ಹೊಣೆ ಅವಳ ಮೇಲೆ ಬೀಳುತ್ತೆ. ಹದಿಮೂರನೇ ವರ್ಷದಲ್ಲಿ ಅವಳು ಕೊಟ್ಟ ದಾನದ ತಾಮ್ರಪಟ ಬೆಳಕಿಗೆ ಬಂದದ್ದು ನಮ್ಮ ಪುಣೆಯಲ್ಲಿ. ಇತಿಹಾಸಕಾರರು ಅದನ್ನ 'ಪೂನಾ ತಾಮ್ರಪಟ' ಅಂತಲೇ ಕರೀತಾರೆ.

ವಾಕಾಟಕರ ಶಾಸನ ಅಂದಮೇಲೆ ವಾಕಾಟಕರ ವಂಶಾವಳಿಯಿಂದ ಶುರುವಾಗಬೇಕಲ್ವಾ? ಇದು ಶುರುವಾಗೋದು ಗುಪ್ತರ ವಂಶಾವಳಿಯಿಂದ. ಮೊದಲು ತವರಿನ ಹಿರಿಯರು, ಆಮೇಲೆ ಗಂಡನ ಹೆಸರು. ಗಂಡನ ಮನೆಯ ಗೋತ್ರ ವಿಷ್ಣುವೃದ್ಧ. ಅವಳು ಹೇಳಿಕೊಂಡದ್ದು ಧಾರಣ ಗೋತ್ರ, ತವರಿನದು. ಮದುವೆಯಾಗಿ, ಮಕ್ಕಳಾಗಿ, ರಾಜ್ಯವನ್ನೇ ಆಳಿದ ಮೇಲೂ. ಇದರಲ್ಲಿ ರಾಜಕೀಯ ಇಲ್ಲ ಅಂತಲ್ಲ, ಗುಪ್ತರ ಹೆಸರಿಗೆ ತೂಕ ಇತ್ತು. ಆದರೂ ಅವಳು ಯಾರು ಅಂತ ಕೇಳಿದ್ರೆ ಅವಳೇ ಕೊಟ್ಟ ಉತ್ತರ ಅದು.

ಎರಡು ತಲೆಮಾರಿನೊಳಗೆ ಇದೇ ಮನೆಗೆ ನಮ್ಮ ಕಡೆಯ ಹೆಣ್ಣೂ ಬಂದಳು. ಪ್ರಭಾವತಿಯ ಮೊಮ್ಮಗ ನರೇಂದ್ರಸೇನನ ಹೆಂಡತಿ ಅಜ್ಝಿತಭಟ್ಟಾರಿಕಾ ಕುಂತಲದ ಅರಸನ ಮಗಳು ಅಂತ ಅವಳ ಮಗನ ಬಾಲಾಘಾಟ್ ತಾಮ್ರಪಟ ಹೇಳುತ್ತೆ. ಅವಳ ತಂದೆ ಬನವಾಸಿಯ ಕದಂಬ ಕಾಕುಸ್ಥವರ್ಮ ಅಂತ ಹಲವು ಇತಿಹಾಸಕಾರರು ಗುರುತಿಸ್ತಾರೆ. ಅದೇ ಕಾಕುಸ್ಥವರ್ಮ ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಹೆಣ್ಣು ಕೊಟ್ಟದ್ದನ್ನ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಹೊಗಳುತ್ತೆ. ಎಷ್ಟು ಚೆಂದದ ಸಂಸ್ಕೃತ ಕಾವ್ಯ ಅದು! ಆದರೆ ಆ ಹೆಣ್ಣುಮಕ್ಕಳ ಹೆಸರು ಅದರಲ್ಲಿಲ್ಲ. ಹೆಸರು ಉಳಿದದ್ದು ಮಗ ಬರೆಸಿದ ಕಡೆ, ಅಪ್ಪನ ಕೀರ್ತಿ ಬರೆದ ಕಡೆ ಅಲ್ಲ.

ಈಗ ರೋಚನಾಳಿಗೆ ವಾಪಸ್ ಬರೋಣ, ಯಾಕಂದ್ರೆ ಅವಳ ಕಥೆಗೆ ಇನ್ನೊಂದು ಸಾಲು ಇದೆ, ನಾನದನ್ನ ಮೊದಲ ಓದಿನಲ್ಲಿ ತಪ್ಪಿಸಿಕೊಂಡಿದ್ದೆ. ದಶಮ ಸ್ಕಂಧದ ಕೊನೆಯ ಅಧ್ಯಾಯದಲ್ಲಿದೆ. ಅನಿರುದ್ಧನಿಗೆ ರುಕ್ಮಿಯ ಮೊಮ್ಮಗಳಲ್ಲಿ ವಜ್ರ ಎಂಬ ಮಗ ಹುಟ್ಟಿದ. ಯಾದವರೆಲ್ಲ ಒನಕೆಯ ಶಾಪದಿಂದ ಹೊಡೆದಾಡಿ ಸತ್ತಾಗ ಉಳಿದವನು ಅವನು. ಅರ್ಜುನ ಅವನನ್ನೇ ಇಂದ್ರಪ್ರಸ್ಥದಲ್ಲಿ ಪಟ್ಟಕ್ಕೆ ಕೂರಿಸಿದ. ಕೃಷ್ಣನ ವಂಶ ಮುಂದುವರಿದದ್ದು ಹೆಸರಾಂತ ಉಷೆಯಿಂದಲ್ಲ, ಹೆಣ ಬಿದ್ದ ಮದುವೆಯ ಹೆಣ್ಣು ರೋಚನಾಳಿಂದ. ವಜ್ರನ ಮುತ್ತಜ್ಜಿ, ಅಜ್ಜಿ, ತಾಯಿ ಮೂವರೂ ಭೀಷ್ಮಕನ ಮನೆಯವರು. ರುಕ್ಮಿ ಮುಗಿಸಬೇಕು ಅಂತಿದ್ದ ವಂಶ ಕೊನೆಗೆ ಉಳಿದದ್ದು ರುಕ್ಮಿಯ ರಕ್ತದಲ್ಲೇ.

ಇಷ್ಟನ್ನೂ ಯಾಕೆ ಹೇಳಿದೆ ಅಂದ್ರೆ, ನಮ್ಮ ಅವ್ವ ತವರಿಗೆ ಹೋಗಿ ಒಂಬತ್ತು ವರ್ಷ ಆಯ್ತು. ಅಪ್ಪ ಮತ್ತು ಸೋದರಮಾವನ ನಡುವೆ ಬಾವಿ ನೀರಿನ ಪಾಲಿನ ವಿಷಯಕ್ಕೆ ಮಾತು ಬೆಳೆದಿತ್ತು. ಪಗಡೆ ಅಲ್ಲ, ಗದೆ ಅಲ್ಲ, ಆದರೆ ಒಂದು ಮದುವೆ ಮನೆಯಲ್ಲೇ. ಅಪ್ಪ ತೀರಿಕೊಂಡ ಮೇಲೂ ಅವಳು ಆ ಊರಿನ ಹೆಸರು ಎತ್ತಲಿಲ್ಲ. ನಾವು ಮಕ್ಕಳೂ ಕೇಳಲಿಲ್ಲ. ಕೃಷ್ಣನ ಹಾಗೆ, ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ನಮ್ಮ ಸುಮ್ಮನಿರುವಿಕೆಯನ್ನ ನಾವು ಜಾಣತನ ಅಂದುಕೊಂಡಿದ್ದೆವು. ಅವಳಿಗೆ ಏನಾದರೂ ಹೇಳೋದಿದೆಯಾ ಅಂತ ನನ್ನ ತಲೆಗೆ ಬಂದೇ ಇರಲಿಲ್ಲ.

ಹೋದ ತಿಂಗಳು ಮಾವನ ಮೊಮ್ಮಗಳ ಲಗ್ನಪತ್ರಿಕೆ ಬಂತು. ಫ್ರಿಜ್ ಮೇಲೆ ಹಾಗೇ ಬಿದ್ದಿತ್ತು. ವಜ್ರನ ಕಥೆ ಹೇಳಿದ ರಾತ್ರಿ ನಾನೇ ಕೇಳಿದೆ: "ಅವ್ವಾ, ನಿನಗೇನ ಅನಸ್ತದ? ಹೋಗೂಣೇನು?"

ಅವಳು ಬಹಳ ಹೊತ್ತು ಮಾತಾಡಿದಳು. ಬಾವಿ, ಅಪ್ಪ, ಅಣ್ಣ, ಎಲ್ಲ. ಅದರಲ್ಲಿ ಅರ್ಧ ನಾನು ಮೊದಲ ಸಲ ಕೇಳಿದ್ದು. ಅದನ್ನ ಇಲ್ಲಿ ಬರೆಯಲ್ಲ, ಅದು ಅವಳದು. ಕೊನೆಗೆ ಪತ್ರಿಕೆ ತೆಗೆದುಕೊಂಡು ತಾರೀಖು ನೋಡಿ, "ಅವತ್ತ ನಿನಗ ರಜಾ ಸಿಗ್ತದೇನು?" ಅಂದಳು.

ಅದು ನಮ್ಮ ರಿಲೀಸ್ ವಾರ. ರಜೆ ಹಾಕಿದ್ದೀನಿ. ಮುಂದಿನ ವಿಡಿಯೋ ಒಂದು ವಾರ ತಡವಾಗುತ್ತೆ, ಬೇಜಾರು ಮಾಡ್ಕೋಬೇಡಿ.