ಹೊಳೆ ಕಾಯಿಸಿದ ದಾರಿ, ಗುಡ್ಡ ಕಡಿದ ದಾರಿ

ಕಳೆದ ವಾರ ತೆಂಗಿನ ಸಸಿ ತರಲಿಕ್ಕೆ ಮಗನ ಜೊತೆ ಪಿಕಪ್‌ನಲ್ಲಿ ಕಾಸರಗೋಡಿಗೆ ಹೋಗಿದ್ದೆ. ಬೆಳಗಿನ ಜಾವ ಅಂಕೋಲಾ ಬಿಟ್ಟವರು ಮಧ್ಯಾಹ್ನದ ಊಟಕ್ಕೆ ಅಲ್ಲಿದ್ದೆವು. ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಹೊಳೆಗಳು, ಸೀತಾ, ಸ್ವರ್ಣಾ, ಶಾಂಭವಿ, ನೇತ್ರಾವತಿ ಎಲ್ಲ ದಾಟಿದ್ದಾಯ್ತು, ಒಂದು ಕಡೆಯೂ ಗಾಡಿ ನಿಲ್ಲಿಸಲಿಲ್ಲ. ಮಗನಿಗೆ ಇದೊಂದು ದೊಡ್ಡ ಸಂಗತಿಯೇ ಅಲ್ಲ. ನನ್ನ ಅಪ್ಪನ ಕಾಲದವರಿಗೆ ಹೇಳಿದ್ರೆ ನಂಬ್ತಿರಲಿಲ್ಲ.

ಕರಾವಳಿಯ ಉದ್ದಕ್ಕೂ ಓಡುವ ರಸ್ತೆ ನಮ್ಮಲ್ಲಿ ಬಹಳ ಹಳೇದಲ್ಲ ನೋಡಿ. ಹಿಂದೆ ಉದ್ದ ದಾರಿ ಅಂದ್ರೆ ಸಮುದ್ರವೇ. ಮಂಗಳೂರು ಹಂಚು, ಅಕ್ಕಿ, ಉಪ್ಪು ಎಲ್ಲ ಮಚವೆ, ಪತ್ತೆಮಾರಿಗಳಲ್ಲಿ ಹೋಗ್ತಿತ್ತು. ಮಳೆಗಾಲ ಬಂತು ಅಂದ್ರೆ ಅದೂ ಬಂದ್. ಬ್ರಿಟಿಷರು 1862ರಲ್ಲಿ ನಮ್ಮ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದರು. ಧಾರವಾಡ ಕಡೆಯ ಹತ್ತಿಯನ್ನು ಕಾರವಾರ ಬಂದರಿಗೆ ಇಳಿಸಬೇಕಿತ್ತು, ಅದಕ್ಕೆ. ಹಾಗಾಗಿ ಅವರ ಲಕ್ಷ್ಯ ಘಟ್ಟ ಇಳಿಯುವ ರಸ್ತೆಯ ಮೇಲೆ. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರವರೆಗೆ ಎರಡು ಕನ್ನಡ ಜಿಲ್ಲೆ, ಎರಡು ಸರ್ಕಾರ.

ರಸ್ತೆ ಆದ ಮೇಲೂ ಹೊಳೆ ಬಂದಲ್ಲಿ ತಾರಿ. ಬಸ್ಸು ಈ ದಡಕ್ಕೆ ಬಂದು ನಿಲ್ಲೋದು, ಜನ ದೋಣಿ ಹತ್ತಿ ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯೋದು. ನೆರೆ ಬಂದ್ರೆ ನೀರು ಇಳಿಯುವ ತನಕ ಕಾಯಬೇಕು, ಹಿರಿಯರು ಕಾಯ್ತಿದ್ರು. ಒಂದೊಂದೇ ಸೇತುವೆ ಆಗಿ ದಾರಿ ಕೂಡಿತು. ಹೆದ್ದಾರಿ 17 ಅಂತಿದ್ದದ್ದು ಆಮೇಲೆ 66 ಆಯ್ತು, ಚತುಷ್ಪಥವೂ ಬಂತು.

ಅಗಲ ಮಾಡಲಿಕ್ಕೆ ಜಾಗ ಬೇಕಲ್ಲ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಗುಡ್ಡ. ಗುಡ್ಡ ಕಡಿದರು. 2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕಿನ ಶಿರೂರಲ್ಲಿ ಆ ಗುಡ್ಡ ಕುಸಿಯಿತು. ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ಗಾಡಿಗಳು ಗಂಗಾವಳಿ ಪಾಲು. ಕೇರಳದ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ, ಒಳಗೆ ಚಾಲಕನ ದೇಹ. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. 1983ರದ್ದು, 41 ವರ್ಷಕ್ಕೇ ಹೋಯ್ತು. ಹೊಳೆಗೆ ಬಿದ್ದ ಲಾರಿಯ ಚಾಲಕ ಪುಣ್ಯಕ್ಕೆ ಬದುಕಿದ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದ್ರೆ ಧರೆ ಕಡಿಯೋದು ಗೊತ್ತು. ತೋಟಕ್ಕೆ ಜಾಗ ಮಾಡುವಾಗ ಧರೆಯನ್ನು ನೆಟ್ಟಗೆ ಕಡಿಯಬಾರದು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಮೇಲೆ ಅಗಳ ತೋಡಿ ಮಳೆ ನೀರನ್ನು ಬದಿಗೆ ತಿರುಗಿಸಬೇಕು. ನೀರು ಮಣ್ಣಿಗೆ ಇಳಿದು ಭಾರ ಆದ್ರೆ ಯಾವ ಗೋಡೆಯೂ ತಡೆಯೋದಿಲ್ಲ. ಐದು ವರ್ಷದ ಹಿಂದೆ ಅವಸರದಲ್ಲಿ ನಾನೇ ನೆಟ್ಟಗೆ ಕಡಿಸಿದ್ದೆ. ಮೊದಲ ಮಳೆಗೇ ಹನ್ನೆರಡು ಅಡಿಕೆ ಮರ ಮಣ್ಣಿನಡಿ ಹೋದವು. ನನ್ನದು ಮರ, ಶಿರೂರಲ್ಲಿ ಹೋದದ್ದು ಮನುಷ್ಯರು.

ವಾಪಸ್ ಬರುವಾಗ ಶಿರೂರು ಮುಟ್ಟುವಾಗ ಕತ್ತಲಾಗಿತ್ತು. ಮಗ, "ಅಪ್ಪ, ಚಾ ಕುಡಿಯುವನಾ?" ಅಂದ. ಮನೆಗೆ ಹೋಗಿಯೇ ಕುಡಿಯುವ ಅಂದೆ.

ಈ ದಾರಿಯಲ್ಲಿ ಮಳೆಗಾಲದಲ್ಲಿ ಬರುವವರಿಗೆ ಒಂದೇ ಮಾತು. ಕಡಿದ ಧರೆಯ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ, ನಿದ್ದೆ ಬಂದ್ರೆ ಪೇಟೆವರೆಗೆ ಬನ್ನಿ. ನಿಮ್ಮೂರಲ್ಲಿ ತಾರಿ ದಾಟಿದ ಹಿರಿಯರಿದ್ರೆ ಕೇಳಿ ಬರೆದಿಡಿ. ಆ ನೆನಪಿರುವವರು ಇನ್ನು ಹೆಚ್ಚು ಜನ ಉಳಿದಿಲ್ಲ.