ಬಾಕಾಹು: ಫೋನಿನಲ್ಲಿ ಕಲಿತ ಉದ್ಯಮದ ಕತೆ

ನಮ್ಮ ಸೀತೂರಿನ ಕಡೆ ಅಡಿಕೆ ಮರಗಳ ನಡುವೆ ಬಾಳೆ ಇರುವುದು ಹೊಸತಲ್ಲ. ಗೊನೆ ಬಲಿತಾಗ ಬೆಲೆ ಇರುವುದಿಲ್ಲ ಎಂಬ ಗೋಳೂ ಹಳೆಯದೇ. 2021ರ ಲಾಕ್‌ಡೌನಿನಲ್ಲಿ ಈ ಗೋಳು ರಾಜ್ಯದ ಎಷ್ಟೋ ಬಾಳೆ ಬೆಳೆಗಾರರದ್ದಾಯಿತು. ಕೊಳ್ಳುವವರಿಲ್ಲದೆ ಗೊನೆಗಳು ತೋಟದಲ್ಲೇ ಉಳಿದವು. ಆಗ ಮನೆಮಾತಾದ ಹೆಸರು 'ಬಾಕಾಹು', ಅಂದರೆ ಬಾಳೆಕಾಯಿ ಹುಡಿ.

ಈ ಕತೆಯ ಬೇರು ಇನ್ನೂ ಹಿಂದಿದೆ. 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಹೊರಟಿತು. 'ಕೃಷಿಕರ ಕೈಗೆ ಲೇಖನಿ' ಎಂಬುದು ಅದರ ಧ್ಯೇಯ. ಶ್ರೀಪಡ್ರೆ ಮತ್ತು ಬಳಗದವರು ಬೆಳೆಗಾರರಿಂದಲೇ ಅನುಭವ ಬರೆಸಿದರು. ಪಕ್ಕದೂರಿನ ರೈತ ತಾನು ಮಾಡಿದ್ದನ್ನು ತಾನೇ ಹೇಳಿದರೆ ಓದುವವರಿಗೆ ನಂಬಿಕೆ ಹೆಚ್ಚು.

2021ರಲ್ಲಿ ಲೇಖನಿಯ ಜಾಗಕ್ಕೆ ಫೋನ್ ಬಂತು. ಕೇರಳದ ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಾಳೆಕಾಯಿ ಹುಡಿಯ ವಿಧಾನ ಗೊತ್ತಿತ್ತು. ಅಲ್ಲಿನ ತಿಳಿವಳಿಕೆ ವಾಟ್ಸಾಪ್ ಗುಂಪು, ಆನ್‌ಲೈನ್ ತರಬೇತಿಗಳ ಮೂಲಕ ಕನ್ನಡದ ಅಡುಗೆಮನೆಗಳಿಗೆ ಬಂತು. ಕಾಯಿಯ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಚೆನ್ನಾಗಿ ಒಣಗಿಸಿ, ಹುಡಿ ಮಾಡುವುದು, ಪಾಠ ಇಷ್ಟೇ. ಕಲಿತ ಹೆಂಗಸರು ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೋ ಹಾಕಿದರು. ಒಬ್ಬರ ಫೋಟೋ ಇನ್ನೊಬ್ಬರಿಗೆ ಪಾಠವಾಯಿತು, ಮತ್ತೊಬ್ಬರಿಗೆ ಜಾಹೀರಾತಾಯಿತು. 2021ರ ಜುಲೈ 25ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರ ಈ ಕೆಲಸವನ್ನು ಪ್ರಸ್ತಾಪಿಸಿದರು. ಫೋಟೋಗಳಿಂದ ಬೇಡಿಕೆ ಹೆಚ್ಚಿದ್ದನ್ನೂ ಹೇಳಿದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಪಾಠಕ್ಕೆ ದೊಡ್ಡ ಕಂಪನಿಯ ಯಶಸ್ಸಿನ ಕತೆ ಬೇಕಾಗಲಿಲ್ಲ. ತಮ್ಮಂಥದೇ ಅಡುಗೆಮನೆ, ತಮ್ಮದೇ ಭಾಷೆ ಕಂಡಾಗ ನೋಡುವವರಿಗೆ 'ನಾನೂ ಮಾಡಬಹುದು' ಎನ್ನಿಸಿತು.

ಆದರೆ ಫೋಟೋದಲ್ಲಿ ಲೆಕ್ಕ ಕಾಣುವುದಿಲ್ಲ. ಮನೆಗೆ ಒಂದು ಡಬ್ಬಿ ಮಾಡುವುದು ಬೇರೆ, ಮಾರುವುದು ಬೇರೆ. ಮಾರಬೇಕಾದರೆ ಆಹಾರ ಸುರಕ್ಷತಾ ನೋಂದಣಿ ಬೇಕು, ತೇವ ತಾಗದ ಪ್ಯಾಕೆಟ್ ಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಿಸಿಲನ್ನೇ ನಂಬಿದರೆ ಹೆಚ್ಚಿದ ಕಾಯಿಗೆ ಬೂಸ್ಟು ಹಿಡಿಯುತ್ತದೆ, ಡ್ರೈಯರ್ ಬೇಕಾಗುತ್ತದೆ. ಅದಕ್ಕೆ ಕರೆಂಟೋ ಸೌದೆಯೋ ಬೇಕು, ಅದರ ಖರ್ಚೂ ಇದೆ.

ಹಾಗಾಗಿ ನಮ್ಮೂರಿನ ಯಾರಾದರೂ ಇಂಥ ವಿಡಿಯೋ ಮಾಡುವುದಾದರೆ ಬರೀ ದೋಸೆ ತೋರಿಸಿದರೆ ಸಾಲದು. ಎಷ್ಟು ಕಾಯಿಗೆ ಎಷ್ಟು ಹುಡಿ ಬಂತು, ಒಣಗಲು ಎಷ್ಟು ದಿನ ಹಿಡಿಯಿತು, ಎಷ್ಟು ಹಾಳಾಯಿತು, ಕೊನೆಗೆ ಕೈಗೆ ಎಷ್ಟು ಸಿಕ್ಕಿತು ಎಂಬುದನ್ನೂ ಹೇಳಬೇಕು. ನೋಡಿದವರು ಸಾಲ ಮಾಡುವ ಮೊದಲು ತಿಳಿಯಬೇಕಾದದ್ದು ಅದೇ.