ಅತ್ತಿಮಬ್ಬೆ ಯಾವ ಮೆಟ್ಟಿಲಲ್ಲಿ ನಿಂತಿದ್ದಳು?

ಗದಗ-ಬೆಟಗೇರಿಯಿಂದ ಕೊಪ್ಪಳದ ದಾರಿ ಹಿಡಿದರೆ ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲಿ ಲಕ್ಕುಂಡಿ ಸಿಗುತ್ತದೆ. ಅಲ್ಲಿಯ ಬ್ರಹ್ಮ ಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿಸಿದಳೆಂದು 1007ರ ಶಾಸನ ಹೇಳುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದವಳು, 1500 ಜಿನಬಿಂಬ ಮಾಡಿಸಿ ಕೊಟ್ಟವಳು, ಮುಧೋಳದ ಬಳೆಗಾರರ ಮನೆಯ ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಯಿಸಿದವಳು, ದಾನಚಿಂತಾಮಣಿ. ಇಷ್ಟು ನಮಗೆಲ್ಲ ಶಾಲೆಯಲ್ಲೇ ಬಾಯಿಪಾಠ. ನನ್ನನ್ನು ಕಾಡುವುದು ಈ ದಾನಗಳಿಗೆಲ್ಲ ಮುಂಚಿನ ಒಂದು ದಿನ.

ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ಚಾಲುಕ್ಯ ತೈಲಪನ ದಂಡನಾಯಕ ಮಲ್ಲಪಯ್ಯನ ಮಕ್ಕಳು. ಇಬ್ಬರನ್ನೂ ಮಂತ್ರಿ ಧಲ್ಲಪನ ಮಗ ನಾಗದೇವನಿಗೇ ಕೊಟ್ಟಿತ್ತು. ನಾಗದೇವ ಯುದ್ಧದಲ್ಲಿ ಮಡಿದ. ತಂಗಿ ಗುಂಡಮಬ್ಬೆ ಗಂಡನೊಡನೆ ಚಿತೆಯೇರಿದಳು. ಅಕ್ಕ ಏರಲಿಲ್ಲ. ಮಗ ಅಣ್ಣಿಗದೇವನಿಗಾಗಿ ಉಳಿದಳು ಎಂದು ಪರಂಪರೆ ಹೇಳುತ್ತ ಬಂದಿದೆ. ಒಂದೇ ಮನೆಯಲ್ಲಿ ಬೆಳೆದು, ಒಂದೇ ಧರ್ಮವನ್ನು ಕೇಳಿ, ಒಬ್ಬನನ್ನೇ ಕೈಹಿಡಿದ ಇಬ್ಬರು ಹೆಣ್ಣುಮಕ್ಕಳು ಒಂದೇ ಚಿತೆಯ ಮುಂದೆ ನಿಂತು ಬೇರೆಬೇರೆ ನಿರ್ಧಾರಕ್ಕೆ ಬಂದರು.

ನೀತಿಪ್ರಜ್ಞೆ ಹೇಗೆ ಬೆಳೆಯುತ್ತದೆ ಎಂಬ ಸಿದ್ಧಾಂತಗಳನ್ನು ಓದುವಾಗಲೆಲ್ಲ ನನಗೆ ಈ ಅಕ್ಕತಂಗಿಯರ ನೆನಪಾಗುತ್ತದೆ. ಲಾರೆನ್ಸ್ ಕೋಲ್‌ಬರ್ಗ್ 1958ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧಕ್ಕಾಗಿ 72 ಹುಡುಗರನ್ನು ಮಾತಾಡಿಸಿದ. ಹುಡುಗರನ್ನು ಮಾತ್ರ. ಹೆಂಡತಿ ಸಾಯುತ್ತಿದ್ದಾಳೆ, ಔಷಧಿ ಕೊಳ್ಳಲು ದುಡ್ಡಿಲ್ಲ, ಹೈನ್ಸ್ ಎಂಬ ಗಂಡ ಅದನ್ನು ಕದಿಯಬಹುದೆ? ಇಂಥ ಕತೆಗಳಿಗೆ ಬಂದ ಉತ್ತರಗಳಿಂದ ಅವನು ಆರು ಮೆಟ್ಟಿಲುಗಳನ್ನು ಕಟ್ಟಿದ. ತಳದಲ್ಲಿ ಶಿಕ್ಷೆಯ ಭಯ, ನಡುವೆ ನಾಲ್ಕು ಜನರ ಕಣ್ಣಲ್ಲಿ ಒಳ್ಳೆಯವರಾಗುವ ಆಸೆ ಮತ್ತು ಕಾನೂನು, ತುದಿಯಲ್ಲಿ ಸಾರ್ವತ್ರಿಕ ನ್ಯಾಯತತ್ತ್ವ. ಆಮೇಲೆ ಹೆಂಗಸರನ್ನು ಅದೇ ಮೆಟ್ಟಿಲುಗಳಲ್ಲಿ ಅಳೆದಾಗ ಹಲವರು ಮೂರನೆಯದರಲ್ಲೇ ನಿಂತಂತೆ ಕಂಡರು. ಹೆಣ್ಣಿಗೆ ನ್ಯಾಯಪ್ರಜ್ಞೆ ಕಡಿಮೆ ಎಂದು 1925ರಲ್ಲೇ ಬರೆದಿದ್ದ ಫ್ರಾಯ್ಡ್‌ಗೆ ಇದರಲ್ಲಿ ಆಶ್ಚರ್ಯ ಕಾಣುತ್ತಿರಲಿಲ್ಲ.

ಹಾರ್ವರ್ಡಿನಲ್ಲಿ ಕೋಲ್‌ಬರ್ಗ್‌ನ ಜೊತೆಗೇ ಕೆಲಸ ಮಾಡಿದ ಕ್ಯಾರಲ್ ಗಿಲಿಗನ್ ಇದನ್ನು ತಿರುಗಿಸಿ ಕೇಳಿದಳು: ಕೊರತೆ ಹೆಂಗಸರಲ್ಲಿದೆಯೋ, ಅಳತೆಗೋಲಿನಲ್ಲಿದೆಯೋ? 1982ರ ಅವಳ ಪುಸ್ತಕದಲ್ಲಿ ಏಮಿ, ಜೇಕ್ ಎಂಬ ಹನ್ನೊಂದು ವರ್ಷದ ಇಬ್ಬರು ಮಕ್ಕಳು ಬರುತ್ತಾರೆ. ಜೇಕ್‌ಗೆ ಹೈನ್ಸನ ಕತೆ ಒಂದು ಲೆಕ್ಕ: ಆಸ್ತಿಗಿಂತ ಜೀವ ದೊಡ್ಡದು, ಕದಿಯಲಿ. ಏಮಿ ತಡವರಿಸುತ್ತಾಳೆ. ಅವನು ಜೈಲಿಗೆ ಹೋದರೆ ಹೆಂಡತಿಯನ್ನು ನೋಡಿಕೊಳ್ಳುವವರು ಯಾರು, ಔಷಧಿಯವನ ಜೊತೆ ಕೂತು ಮಾತಾಡಲು ಆಗದೆ? ಕೋಲ್‌ಬರ್ಗ್‌ನ ಲೆಕ್ಕದಲ್ಲಿ ಏಮಿ ಕೆಳಗಿದ್ದಾಳೆ. ಗಿಲಿಗನ್‌ಗೆ ಅದು ಸಂಬಂಧಗಳನ್ನು ಕಾಪಾಡುವ ಬೇರೊಂದು ದನಿ, ಕಾಳಜಿಯ ನೀತಿ.

ಈಗ ಅಕ್ಕತಂಗಿಯರಿಗೆ ಬರೋಣ. ಪತಿವ್ರತೆ ಎನ್ನಿಸಿಕೊಳ್ಳಲು ಚಿತೆಯೇರಿದರೆ ಅದು ಮೂರನೆಯ ಮೆಟ್ಟಿಲು. ಒಳ್ಳೆಯ ತಾಯಿ ಎನ್ನಿಸಿಕೊಳ್ಳಲು ಉಳಿದರೆ ಅದೂ ಮೂರನೆಯದೇ. ಸತ್ತವಳನ್ನೂ ಬದುಕಿದವಳನ್ನೂ ಒಂದೇ ಕಡೆ ಕೂರಿಸುವ ಏಣಿ ಇದು. ಕೋಲ್‌ಬರ್ಗ್ ನೋಡುವುದು ಮಾಡಿದ್ದನ್ನಲ್ಲ, ಅದಕ್ಕೆ ಕೊಟ್ಟ ಕಾರಣವನ್ನು ಎಂಬುದು ನಿಜ. ಆದರೆ ಅತ್ತಿಮಬ್ಬೆಯ ಕಾರಣ ನಮಗೆ ಬಂದಿರುವುದೇ ಬೇರೆಯವರ ಬಾಯಿಂದ. ಗಿಲಿಗನ್‌ಳನ್ನು ಹಿಡಿದು ಓದಿದರೆ ಮಾತು ಕೊಂಚ ಬೆಳೆಯುತ್ತದೆ. ಹೆಣ್ಣು ತನ್ನನ್ನೇ ಒತ್ತೆಯಿಡುವುದನ್ನು ಒಳ್ಳೆಯತನವೆಂದು ನಂಬುವ ಘಟ್ಟ ಒಂದಿದೆ, ಅದನ್ನು ದಾಟಿದವಳು ಕಾಳಜಿಯ ವೃತ್ತದೊಳಗೆ ತನ್ನನ್ನೂ ಸೇರಿಸಿಕೊಳ್ಳುತ್ತಾಳೆ ಎನ್ನುತ್ತಾಳೆ ಅವಳು. ಅತ್ತಿಮಬ್ಬೆ ಮಗನನ್ನು ಮಾತ್ರವಲ್ಲ, ತನ್ನನ್ನೂ ಉಳಿಸಿಕೊಂಡಳು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸಲೀಸು. ಹಾಗೆ ನಿಲ್ಲಿಸಲು ನನಗೆ ಮನಸ್ಸಿಲ್ಲ, ಯಾಕೆಂದರೆ ಅತ್ತಿಮಬ್ಬೆ ಜೈನಳು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥರಿಗಾಗಿ ಬರೆದ ಗ್ರಂಥ. ಲೋಕದ ಮೌಢ್ಯಗಳು ಯಾವುವು ಎಂದು ಅದು ಎಣಿಸುತ್ತದೆ: ಪುಣ್ಯಕ್ಕೆಂದು ನದಿ, ಸಮುದ್ರಗಳಲ್ಲಿ ಮೀಯುವುದು, ಮರಳು ಕಲ್ಲುಗಳ ರಾಶಿ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿಗೆ ಬೀಳುವುದು. ಇಂಥ ಮಾತು ಕೇಳಿ ಬೆಳೆದ ಸಮುದಾಯದ ಹೆಂಗಸು ಚಿತೆಯನ್ನು ನಿರಾಕರಿಸುವುದಕ್ಕೆ ತತ್ತ್ವದ ಬಲವೂ ಇತ್ತು. ಆದರೂ ನಾವು ಹೇಳಿಕೊಂಡು ಬಂದದ್ದು ಮಗನ ಕಾರಣವೊಂದನ್ನೇ. ಗಂಡಸೊಬ್ಬ ಸಾವನ್ನು ನಿರಾಕರಿಸಿದ್ದರೆ ಅವನ ಸಿದ್ಧಾಂತವೇನೆಂದು ಹುಡುಕುತ್ತಿದ್ದೆವು. ಹೆಂಗಸಾದ್ದರಿಂದ ಮಡಿಲಲ್ಲಿ ಮಗುವಿತ್ತೇ ಎಂದು ನೋಡಿ ಸುಮ್ಮನಾದೆವು. ಗಿಲಿಗನ್‌ಳ ದನಿಯನ್ನು ಹೆಣ್ಣಿನ ಸಹಜಗುಣ ಎಂದು ಓದುವವರೂ ಮಾಡುವುದು ಇದನ್ನೇ. ಆ ದನಿಯನ್ನು ಗುರುತಿಸಬೇಕಾದದ್ದು ಅದರ ವಿಷಯದಿಂದ, ಲಿಂಗದಿಂದಲ್ಲ ಎಂದು ಅವಳೇ ಬರೆದಿದ್ದಳು. 1984ರಲ್ಲಿ ಲಾರೆನ್ಸ್ ವಾಕರ್ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ, ಕೋಲ್‌ಬರ್ಗ್‌ನ ಮೆಟ್ಟಿಲುಗಳಲ್ಲೂ ಗಂಡುಹೆಣ್ಣಿನ ಅಂತರ ಹೆಚ್ಚಿನ ಕಡೆ ಕಾಣಲೇ ಇಲ್ಲ.

ಇದೇ ಜಿಲ್ಲೆಯ ಸೂಡಿಗೆ ಹೋದರೆ ಅಕ್ಕಾದೇವಿ ಎದುರಾಗುತ್ತಾಳೆ. ಚಾಲುಕ್ಯ ಎರಡನೆಯ ಜಯಸಿಂಹನ ಅಕ್ಕ, ಕಿಸುಕಾಡು ನಾಡನ್ನು ಆಳಿದವಳು. ದಾನಶಾಸನಗಳಲ್ಲಿ ಬರುವ ಅವಳೇ 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆಯನ್ನೂ ಹಾಕಿದ್ದಳು. ಗುಣದಬೆಡಂಗಿ ಎಂಬ ಬಿರುದಿದ್ದ ಇವಳನ್ನು ಕಾಳಜಿಯ ಪೆಟ್ಟಿಗೆಯಲ್ಲಿಡುವುದೆ, ನ್ಯಾಯದ ಪೆಟ್ಟಿಗೆಯಲ್ಲಿಡುವುದೆ?

ಹಾಗೆಂದು ಅಳತೆಗೋಲು ಯಾರದು ಎಂಬ ಗಿಲಿಗನ್‌ಳ ಪ್ರಶ್ನೆಯನ್ನು ನಾನು ಬಿಡಲಾರೆ. ಅದನ್ನು ನಮ್ಮ ಕಲ್ಲುಗಳಿಗೇ ಕೇಳಬೇಕು. ಸಹಗಮನ ಮಾಡಿದವಳಿಗೆ ಮಾಸ್ತಿಗಲ್ಲು ನಿಲ್ಲುತ್ತಿತ್ತು: ಬಳೆ ತೊಟ್ಟ, ಮೇಲೆತ್ತಿದ ಒಂದು ಕೈ, ಮುತ್ತೈದೆತನದ ಗುರುತು. ಗಂಡನ ಹೆಣ ಸುಟ್ಟು ಬಂದು ಮಕ್ಕಳನ್ನು ಸಾಕಿದವಳಿಗೆ ಅಂಥ ಕಲ್ಲಿನ ಪದ್ಧತಿಯೇ ಬೆಳೆಯಲಿಲ್ಲ. ಅತ್ತಿಮಬ್ಬೆಯ ಹೆಸರು ಕಲ್ಲೇರಿದ್ದು ಅವಳು ಉಳಿದದ್ದಕ್ಕಲ್ಲ, ಕೊಟ್ಟದ್ದಕ್ಕೆ. ಕೊಡಲು ಅವಳ ಮನೆಯಲ್ಲಿ ಇತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಏನೂ ಇಲ್ಲದೆ ಉಳಿದವರು ಬೆಳಗಾದರೆ ಹೊಲಕ್ಕೆ ಹೋಗಿರಬೇಕು.